ಹಕಾರ

ಅಂಗಡಿಗಿ ಹೋಗಿ ‘ಆಲು ಕೊಡ್ರಿ’ ಅಂದನಂತ.
ಖಾಜಾಮಿಯಾ ತೂಗಿ ಕೊಟ್ಟಾನ ಅರ್ಧ ಕಿಲೋ ಆಲೂಗಡ್ಡಿ.
ಚೀಲ ಹಿಡಕೊಂಡು ನನ್ನ ಬಾಗಿಲಾಗ ನಿಂತಿದ್ದ ಒನೊರೆ.
ಚಹಾದ ನೀರು ಒಲಿ ಮ್ಯಾಲ ಕುದ್ದು ಕುದ್ದು
ಅರ್ಧಾಗಿತ್ತು.

ಅವರ ಫ್ರೆಂಚಿನಾಗ ಹಕಾರ ಬರೀತಾರ, ಅನ್ನೂದಿಲ್ಲ.
ಅವನ ಹೆಸರಿನ ಮೊದಲ ಅಕ್ಷರಾನೇ ಅದು:
ಕಾಗದದಾಗ ಅದ, ಬಾಯಾಗಿಲ್ಲ.
ಎಸ್ಪಿ ಆಫೀಸಿನಾಗ ಗುಮಾಸ್ತ
‘ಹೋನೋರ್, ಹೋನೋರ್’ ಅಂತ ಮೂರು ಸಲ ಒದರಿದ.
ಹುಡುಗ ಬೆಂಚಿನ ಮ್ಯಾಲ ಕುಂತಾಂವ ಕುಂತೇ ಇದ್ದ,
ಯಾರನ್ನೋ ಕರೀತಾರ ಅಂತ.
ನಾನೇ ಭುಜ ಅಲಗಾಡಿಸಿದೆ: ಏಳೋ ತಮ್ಮಾ,
ನಿನ್ನನ್ನೇ ಕರಿಲಿಕತ್ತಾರ.

ಮೂವತ್ತೊಂದು ವರ್ಷ ಕಮಲಾಪುರದ ಸಾಲಿಯಾಗ
ಅಕ್ಷರ ತಿದ್ದಿಸಿದ ಕೈ ಇದು.
ನಿವೃತ್ತಿ ಆದಮ್ಯಾಲ ಸುಮ್ಮ ಕುಂತಿತ್ತು.
ಈಗ ರಾತ್ರಿ ಊಟಾದ ಮ್ಯಾಲ ಮಾಳಿಗಿ ಹತ್ತತೀವಿ.
ಹಗಲೆಲ್ಲ ಕಾಯ್ದ ಫರ್ಸಿ, ಹತ್ತು ಗಂಟೆಗೂ
ಅಂಗಾಲು ಸುಡ್ತದ.
ಚಾಪಿ ಹಾಸಿ ಮೂರೂ ಮಂದಿ ಕುಂದರ್ತಾರ,
ಕಾಂಗೋದ ಒನೊರೆ, ಬುರುಂಡಿಯ ಕ್ಲಾರಿಸ್,
ಚಾಡಿನ ಜಿಬ್ರೀಲ.

ಜಿಬ್ರೀಲನಿಗಿ ಕಲಿಸೂದೇನೂ ಇಲ್ಲ. ಅರಬ್ಬಿ ಬರ್ತದ,
ಅವನ ಗಂಟಲಾಗ ನಮಗಿಂತ
ಒಂದು ಹಕಾರ ಹೆಚ್ಚಿಗೇ ಅದ.
ಗಿರಣಿಯಾಗ ಜ್ವಾಳದ ಹಿಟ್ಟು ಕಂಡು ನಿಂತುಬಿಟ್ಟಿದ್ದ ಅವತ್ತು,
ಮುಟಗಿ ತುಂಬ ತಗೊಂಡು ಮೂಸಿ ನೋಡಿ
‘ಬೂಲ್, ಬೂಲ್’ ಅಂತ
ಎರಡೂ ಕೈಲೆ ಗುಂಡಗ ಮಾಡಿ ತೋರಿಸಿದ.
ಗಿರಣಿಯ ಚನಮಲ್ಲ ಹೆದರಿ ಪಟ್ಟಾ ಬಂದ್ ಮಾಡಿದ.
ಆ ರಾತ್ರಿ ಸಂಗಟಿ ತಿರುವಿ, ಬೆಂಡಿಕಾಯಿ ಪಲ್ಯ ಮಾಡಿ ಹಾಕಿದೆ.
ಉಂಡಾಂವ ಕೈ ತೊಳೀಲಿಲ್ಲ ಬಾಳ ಹೊತ್ತು.

ಉಳದಿಬ್ಬರಿಗಿ ಚಾಳೀಸು ತಗದು ತೋರಿಸಿದೆ:
ಗಾಜಿಗಿ ಬಾಯಿ ಹಚ್ಚಿ ಉಸಿರು ಬಿಡ್ತೀವಲ್ಲ ಒರಸಾಕ,
ಹಾ,
ಅದೇ ಹಕಾರ. ನಾಲಿಗಿಗಿ ಕೆಲಸಿಲ್ಲ, ತುಟಿಗಿಲ್ಲ,
ಒಳಗಿನ ಕಾವು ಹೊರಗ ಬಂದ್ರ ಸಾಕು.
ಕ್ಲಾರಿಸ್‌ಗೆ ಎರಡನೇ ದಿನಕ್ಕೇ ಬಂತು.
‘ಹೂ’ ಅಂದಳು, ‘ಹಣ್ಣು’ ಅಂದಳು,
ಆಮ್ಯಾಲ ತಡೀಲಾರದೆ
‘ಹಾಸ್ಟೆಲ್ ಹಾಸ್ಟೆಲ್ ಹಾಸ್ಟೆಲ್’ ಅಂತ ನಕ್ಕಳು.

ಆ ಹಾಸ್ಟೆಲ್ಲಿನಾಗೇ ಜಾಗ ಸಿಕ್ಕಿದ್ದಿಲ್ಲ ಅವಳಿಗೆ.

ದಲಾಲಿ ಈರಣ್ಣ ಮೊದಲ ಸಲ ಫೋನ್ ಮಾಡಿದಾಗ
‘ಮನಿ ಖಾಲಿ ಇಲ್ಲ’ ಅಂದೆ ನಾ.
ಬೀಗದ ಕೈ ನನ್ನ ಸೆರಗಿನ ತುದಿಗೇ ಕಟ್ಟಿತ್ತು.
‘ಒಳ್ಳೆ ಹುಡುಗ್ರು ಅದಾರ ಟೀಚರ್, ಆದ್ರ ಸ್ವಲ್ಪ…’ ಅಂತ
ಅಂವ ಅರ್ಧಕ್ಕ ಬಿಟ್ಟ ಮಾತು
ನಾನೇ ಒಳಗೊಳಗ ಪೂರಾ ಮಾಡಿಕೊಂಡಿದ್ದೆ.
ಎರಡು ದಿನದ ಮ್ಯಾಲ ಕಾಯಿಪಲ್ಯಾಕ ಹೋದಾಗ ಕಂಡಳು,
ಸೂಪರ್ ಮಾರ್ಕೆಟಿನ ಬಸ್‌ಸ್ಟಾಪಿನಾಗ
ಸೂಟ್‌ಕೇಸಿನ ಮ್ಯಾಲ ಕುಂತು
ಮಂದಿಯೆಲ್ಲ ನೋಡ್ತಿದ್ರ ತಾನು ಯಾರನ್ನೂ ನೋಡದ,
ಬಾಳೆಹಣ್ಣಿನ ಸಿಪ್ಪಿ ಎಲ್ಲಿ ಒಗೀಬೇಕಂತ ತಿಳೀದ
ಕೈಯಾಗೇ ಹಿಡಕೊಂಡು.
ನಾನು ಸಿಪ್ಪಿ ಇಸಗೊಂಡೆ. ಅಷ್ಟೇ ಮಾಡಿದ್ದು.
ಉಳದದ್ದು ಅಲ್ಲಿಂದ ತಾನಾಗೇ ಆತು.

ಇದನ್ನ ಅವಳಿಗಿ ಹೇಳಿಲ್ಲ ಇನ್ನೂ.
ಹೇಳೂವಷ್ಟು ಅವಳ ಕನ್ನಡ ಬೆಳದಿಲ್ಲಂತ ನೆವ,
ನನ್ನ ಫ್ರೆಂಚು ‘ಮೆರ್ಸಿ’ ದಾಟಿಲ್ಲಂತ ನೆವ.
ಬಾಡಿಗಿ ಕರಾರಿನ ಮ್ಯಾಲ ಎಂಟನೇ ತಾರೀಖು.
ಫೋನ್ ಬಂದಿದ್ದು ಆರಕ್ಕ.
ಅವಳವ್ವ ವಿಡಿಯೋದಾಗ ಎರಡೂ ಕೈ ಎದಿಗಿ ಒತ್ತಿಕೊಂಡು
ಏನೇನೋ ಹೇಳ್ತಾಳ ನನಗ.
ತರ್ಜುಮೆ ಮಾಡಬ್ಯಾಡ ಬಿಡವ್ವಾ ಅಂತೀನಿ.

ಒನೊರೆಗೆ ಮಾತ್ರ ಇನ್ನೂ ಬಂದಿಲ್ಲ.
ಗಾಜು ಮಂಜಾಗ್ತದ, ಅಕ್ಷರ ಬರೂದಿಲ್ಲ.
ಆದ್ರ ಖಾಜಾಮಿಯಾ ಕಲತಾನ:
ಆ ಹುಡುಗ ದೂರದಾಗ ಕಂಡ್ರ
ಪ್ಯಾಕೀಟು ತಗದು ಇಟ್ಟು, ತಾನೇ ಕೂಗ್ತಾನ,
‘ಬಾ ರಾಜಾ, ತಂಪ್ ಅದ, ಆಲು!’

ಆವತ್ತಿನ ಅರ್ಧ ಕಿಲೋದಾಗ ಇನ್ನ ಎರಡು ಉಳದಾವ,
ಬುಟ್ಟಿಯಾಗ ಮೊಳಕಿ ಒಡದು ಕುಂತಾವ.