ಮೈನಸ್ ಐದು

ಅವತ್ತು ಬಿಷ್ಕೆಕ್‌ನಲ್ಲಿ ಉರಿಬಿಸಿಲು. ಜುಲೈ.
ಮೂರನೇ ಮಹಡಿಯ ಖರೀದಿ ಶಾಖೆಯಲ್ಲಿ ಫ್ಯಾನು
ಗೊಣಗುತ್ತ ತಲೆಯಾಡಿಸುತ್ತಿತ್ತು, ಹೂಂ ಎಂದೋ ಊಹೂಂ ಎಂದೋ.
ನಾನು, ಜಿಪಾರ್, ಹಿರಿಯ ಗುಮಾಸ್ತೆ,
ಐವರ ಕಣ್ಣೆದುರು ಮೂರು ಲಕೋಟೆಗಳ ಅರಗು ಒಡೆದೆ.

ಗಡಿಠಾಣೆಗಳ ವೈರ್‌ಲೆಸ್ಸಿಗೆ ಬ್ಯಾಟರಿ, ನಾನೂರು.
ಎಲ್ಲರಿಗಿಂತ ಕಡಿಮೆ ಬರೆದವನಿಗೇ ಕೊಡಬೇಕು,
ಕಾನೂನು ಹಾಗಿದೆ. ಕೊಟ್ಟೆವು.
ಯಾರೂ ದುಡ್ಡು ತಿನ್ನಲಿಲ್ಲ. ಮೊದಲೇ ಹೇಳಿಬಿಡುತ್ತೇನೆ,
ನೀವು ಹುಡುಕುವುದೇ ಅದನ್ನು.
ಗೆದ್ದವನು ಒಂದು ಡಬ್ಬಿ ಚಾಕೊಲೇಟು ತಂದಿದ್ದ;
ವಾಪಸು ಕಳಿಸಿದೆ, ರಸೀದಿ ಬರೆಸಿಕೊಂಡು.

ಪುಟ ಏಳು, ಸಾಲು ನಾಲ್ಕು:
‘ಮೈನಸ್ ಐದು ಡಿಗ್ರಿಯವರೆಗೆ ಕೆಲಸ ಮಾಡತಕ್ಕದ್ದು.’
ಅದು ಹಳೆಯ ಪುಟ. ನಗರದ ಟ್ರಾಫಿಕ್ ಪೊಲೀಸರಿಗೆಂದು
ಯಾರೋ ಯಾವತ್ತೋ ಬರೆದದ್ದು.
ಊಟದ ಗಂಟೆಗೆ ಮುಂಚೆ, ಹಸಿವಿನಲ್ಲಿ,
ದಿನಾಂಕವೊಂದನ್ನು ತಿದ್ದಿ ನಕಲಿಳಿಸಿದೆ.
ಬ್ಯಾಟರಿಗೆ ನಲವತ್ತು ಸೋಮ್ ಉಳಿಯಿತು,
ಎರಡು ರೊಟ್ಟಿಯ ಕಾಸು.

ಜನವರಿ. ನಾರಿನ್‌ನ ಮೇಲಿನ ಕಣಿವೆಬಾಯಿ. ಮೈನಸ್ ಮೂವತ್ತೊಂದು.
ಮೂವರು ಹುಡುಗರು. ಆಚೆ ದಿಬ್ಬದ ಮೇಲೆ
ಒಂದರ ಹಿಂದೊಂದು ಕುದುರೆಗಳು, ದೀಪವಿಲ್ಲದೆ.
ಎರ್ಮೆಕ್ ಗುಂಡಿ ಒತ್ತಿದ. ಮತ್ತೆ ಒತ್ತಿದ.
ಬ್ಯಾಟರಿ ಬಿಚ್ಚಿ ಅಂಗಿಯೊಳಗೆ, ಕಂಕುಳಲ್ಲಿ ಇಟ್ಟುಕೊಂಡ,
ಸತ್ತ ಮೊಟ್ಟೆಗೆ ಕಾವು ಕೊಡುವವನ ಹಾಗೆ.
‘ಕೇಳಿಸ್ತಿದೆಯಾ’ ಎಂಬುದರಲ್ಲಿ ‘ಕೇ’ ಮಾತ್ರ ಹೋಯಿತಂತೆ.
ಹನ್ನೊಂದು ಕಿಲೋಮೀಟರು ನಡೆದು ಬಂದು ಹೇಳಿದರು.
ಅವನ ಎರಡು ಬೆರಳು ಆ ಬೂಟಿನಲ್ಲೇ ಉಳಿದವು.
ಅಷ್ಟರಲ್ಲಿ ಗಾಳಿ
ಗೊರಸಿನ ಗುರುತನ್ನೆಲ್ಲ ಗುಡಿಸಿ ಹಾಕಿತ್ತು.

ವಿಚಾರಣೆಗೆ ಬಂದ ಕರ್ನಲ್ ಸಭ್ಯ ಮನುಷ್ಯ.
ಟೀ ಆರಿಹೋಗುವಷ್ಟು ಹೊತ್ತು ಕಡತ ಓದಿದ.
ಪ್ರತಿ ಮೊಹರೂ ತನ್ನ ಜಾಗದಲ್ಲಿತ್ತು.
‘ನಿಯಮಗಳ ಪಾಲನೆಯಾಗಿದೆ’ ಎಂದು ಬರೆದು,
ಉಳಿತಾಯಕ್ಕೆ ಒಂದು ಮೆಚ್ಚುಗೆ ಪತ್ರವನ್ನೂ ಕಳಿಸಿದ.
ದಾಟಿದವರು ಯಾರು, ಎಷ್ಟು ಮಂದಿ,
ಕುದುರೆ ಬೆನ್ನ ಮೇಲೆ ಏನಿತ್ತು, ಈಗ ಯಾವ ಊರಲ್ಲಿದೆ,
ಇದಕ್ಕೆ ನಮೂನೆಯಲ್ಲಿ ಕಾಲಮ್ಮಿಲ್ಲ.

ಅಗ್ಗವೆಂದು ಮುಗ್ಗಿದ ಜೋಳ ತಂದವರು
ತಾವೇ ತಿನ್ನುತ್ತಾರೆ. ನಾನು ತಂದದ್ದನ್ನು
ಬೇರೆಯವರ ಮಗ ತಿಂದ.

ಈ ವರ್ಷ ಪುಟ ಏಳನ್ನು ನಾನೇ ಬರೆದೆ, ಕೈಯಾರೆ:
ಮೈನಸ್ ನಲವತ್ತು.
ಒಂದೇ ಲಕೋಟೆ ಬಂತು. ಬೆಲೆ ಮೂರು ಪಟ್ಟು.
ಕಡತ ಮೇಲೆ ಹೋಗಿ ನಿನ್ನೆ ಇಳಿದು ಬಂದಿದೆ,
ಅಂಚಿನಲ್ಲಿ ಹಸಿರು ಶಾಯಿ:
‘ದುಬಾರಿ. ಹೋದ ಸಲದ ದರ ನೋಡಿ.’

ಇವತ್ತು ಅಕ್ಟೋಬರ್ ಒಂಬತ್ತು.
ಫ್ಯಾನಿಗೆ ಬಟ್ಟೆ ಸುತ್ತಿ ಕಪಾಟಿನ ಮೇಲಿಟ್ಟಿದ್ದೇವೆ.
ಮೇಲಿನ ಕಣಿವೆಯಲ್ಲಿ ಹಿಮ ಶುರುವಾಯಿತಂತೆ.