ವಾಟ

ರಾತ್ರಿ ಪಾಳಿ ಮುಗಿಸಿ ಎಂಟೂವರೆಗೆ ಬಂದರೆ
ಟಬ್ಬಿನಲ್ಲಿ ಇನ್ನೂ ನಿಂತಿದೆ
ಜೆಸಿಂತಾ ಮಿಂದ ಆರು ಗಂಟೆಯ ನೀರು.
ಬೂದು ಬಣ್ಣ, ಮೇಲೆ ಸೋಪಿನ ಕೆನೆ,
ಶಾಂಪೂ ಪೊಟ್ಟಣದ ಹರಿದ ಮೂಲೆಯೊಂದು
ದೋಣಿಯ ಹಾಗೆ, ಎಲ್ಲಿಗೂ ಹೊರಡದೆ.

ಸಾಲಗಾಮೆ ರಸ್ತೆಯ ಈ ಮಹಡಿಗೆ
ಐನೂರು ರೂಪಾಯಿ ಹೆಚ್ಚು ಬಾಡಿಗೆ, ಟಬ್ ಇದೆಯೆಂದು.
ಕೊಂಡು ತಂದದ್ದಲ್ಲ.
ರಿಟೈರಾದ ಓವರ್‌ಸಿಯರ್ ನಿಂಗೇಗೌಡರು
ತಾವೇ ಮುಂದೆ ನಿಂತು ಇಟ್ಟಿಗೆ ಇಡಿಸಿ
ಅಡುಗೆಮನೆಗೆ ಹಾಕಿ ಉಳಿದ ಟೈಲ್ಸ್ ಅಂಟಿಸಿದ್ದು.
ಹಾಗಾಗಿ ನಾವು ಮೀಯುವುದು
ದ್ರಾಕ್ಷಿ, ಅನಾನಸ್, ಹಬೆಯಾಡುವ ಕಾಫಿ ಕಪ್ಪುಗಳ ನಡುವೆ.
ಮಲಗಿ ಮೀಯುವಷ್ಟು ನೀರು ಯಾರ ನಲ್ಲಿಗೆ ಬರುತ್ತದೆ?
ನಿಂತೇ ಚೊಂಬಿನಲ್ಲಿ ಸುರಿದುಕೊಳ್ಳುತ್ತೇವೆ.
ಭಾನುವಾರ ಬೆಡ್‌ಶೀಟು ನೆನೆಹಾಕುತ್ತೇವೆ.

ಕುದಿನೀರು ಹೊಯ್ದಾಯಿತು.
ಅಂಗಡಿಯ ನೀಲಿ ಪುಡಿ ಸುರಿದು
ಅರ್ಧ ಗಂಟೆ ಕಾದು ಕೆಮ್ಮಿದ್ದೂ ಆಯಿತು.
ಕೊನೆಗೆ ಯೂನಿಫಾರ್ಮನ್ನೂ ಬಿಚ್ಚದೆ
ಗ್ಲೌಸು ಹಾಕಿಕೊಂಡು ಕೂತೆ,
ಹ್ಯಾಂಗರಿನ ತಂತಿ ನೆಟ್ಟಗೆ ಮಾಡಿ, ತುದಿಗೆ ಕೊಕ್ಕೆ.
ವಾರ್ಡಿನಲ್ಲೂ ನನ್ನದು ಇದೇ ಕೆಲಸ, ಕಟ್ಟಿದ ಕೊಳವೆ ಬಿಡಿಸುವುದು.
ಒತ್ತಬಾರದು. ಆತುರಕ್ಕೆ ಎಳೆಯಬಾರದು.
ಒಳಗಿನದು ಎಲ್ಲಿ ಸಡಿಲವಾಗುತ್ತದೋ
ಬೆರಳಿಗೆ ಗೊತ್ತಾಗುವ ತನಕ ಕಾಯಬೇಕು.

ಬಂತು.
ಹಗ್ಗದ ಹಾಗೆ, ಮುಗಿಯುವುದೇ ಇಲ್ಲವೇನೋ ಎಂಬಂತೆ,
ಕೊಳೆತ ಹೂವಿನ ವಾಸನೆ ಎಳೆದುಕೊಂಡು.
ಜೆಸಿಂತಾಳದು ಗುಂಗುರು, ಗುರುತು ಹಿಡಿದೆ.
ನನ್ನದು ಮೋಟು, ಕುತ್ತಿಗೆಗೆ ಕತ್ತರಿಸಿದ್ದು.
ಮತ್ತೆ ಈ ಮೂರನೆಯದು?
ಮೊಳದುದ್ದ, ನೇರ.
ಬುಡದಿಂದ ನಾಲ್ಕು ಬೆರಳು ಬಿಳಿ,
ಅಲ್ಲಿಂದ ತುದಿಯ ತನಕ ಮದರಂಗಿಯ ಕೆಂಪು.
ತಿಂಗಳಿಗೆ ಅರ್ಧ ಇಂಚು. ಲೆಕ್ಕ ಹಾಕಿದೆ.
ಆರು ತಿಂಗಳ ಕೆಳಗೆ ಯಾರೋ
ಬಣ್ಣ ಹಚ್ಚುವುದನ್ನು ನಿಲ್ಲಿಸಿದ್ದಾರೆ.

ಕೆಳಗಿಳಿದು ಕೇಳಿದರೆ ಜವರಮ್ಮ ಅವರೆಕಾಯಿ ಸುಲಿಯುತ್ತಲೇ ಅಂದರು:
'ಅಯ್ಯೋ, ಸರ್ವಮಂಗಳಾ ಟೀಚರಮ್ಮಂದು ಕಣವ್ವ.
ನಿಮಗಿಂತ ಮುಂಚೆ ಇದ್ರು. ಇಷ್ಟುದ್ದ ಜಡೆ.
ಕೊನೆಕೊನೆಗೆ ಮದರಂಗಿ ಬಿಟ್ಬಿಟ್ರು,
ಯಾಕೋ ಏನೋ, ನಾವ್ ಕೇಳಕ್ಕಾಯ್ತದ?
ಅರಕಲಗೂಡಿಗೆ ವರ್ಗ ಆಯ್ತು.
ಹೋಗೋವಾಗ ನಮ್ಮೋರು ಅಡ್ವಾನ್ಸಲ್ಲಿ
ಎರಡು ಸಾವಿರ ಹಿಡ್ಕೊಂಡ್ರು,
ಬಚ್ಚಲು ಕಟ್ಟಿಸವ್ರೆ ಅಂತ.'

ಬಚ್ಚಲು ಕಟ್ಟಿಸಿದವರು ಯಾರೆಂದು
ನಾನು ಮರುಪ್ರಶ್ನೆ ಹಾಕಲಿಲ್ಲ.
ಒಳಗೆ ಗೌಡರು ಪೇಪರಿನ ಪುಟ ಮಗುಚಿದ ಸದ್ದು.

ಮೇಲೆ ಬಂದು ಬಕೆಟ್ಟು ಸುರಿದೆ.
ನೀರು ಒಂದು ಗಳಿಗೆ ಅನುಮಾನಿಸಿತು,
ಆಮೇಲೆ ಸುಳಿಯಾಗಿ, ಗೊಳಗೊಳ, ಕೊನೆಗೊಂದು ತೇಗು.
ಆದರೂ ದೂರದ ಮೂಲೆಯಲ್ಲಿ,
ಅನಾನಸ್ಸಿನ ಬುಡದಲ್ಲಿ, ಅಂಗೈಯಗಲ ಉಳಿಯಿತು.
ಒಂದು ನಿಂಬೆಹಣ್ಣು ತಂದು ನಡುವೆ ಇಟ್ಟೆ.
ಕಂಡಿಯ ಕಡೆಗಲ್ಲ,
ಗೋಡೆಯ ಕಡೆಗೆ ಉರುಳಿತು, ನಿಧಾನ, ಖಚಿತ.
ನಲವತ್ತು ವರ್ಷ ಸರ್ಕಾರದ ಚರಂಡಿಗಳಿಗೆ
ವಾಟ ನೋಡಿ ಸಹಿ ಹಾಕಿದವರ ಟಬ್ಬು!

ಒಂದು ಕೈಯಲ್ಲಿ ಕೂದಲುಂಡೆ, ಇನ್ನೊಂದರಲ್ಲಿ ನಿಂಬೆಹಣ್ಣು.
ಈಗ ಜೆಸಿಂತಾ ಬಂದರೆ ಶಿಲುಬೆ ಗುರುತು ಹಾಕಿಕೊಂಡಾಳು.
ನಗು ಬಂತು. ಒಬ್ಬಳೇ ನಕ್ಕೆ.

ಆಸ್ಪತ್ರೆಯಾದರೆ ಇದಕ್ಕೆ ಹಳದಿ ಚೀಲ.
ಇಲ್ಲಿ ಕಸದ ಗಾಡಿ ಹತ್ತಕ್ಕೆ.
ಕೆಂಪು-ಬಿಳಿಯ ಆ ಎಳೆಗಳನ್ನು ಬಿಡಿಸಿ
ಬೇರೆ ಮಾಡಲು ನೋಡಿದೆ, ಆಗಲಿಲ್ಲ.
ಮೂವರದೂ ಒಂದೇ ಕಾಗದದಲ್ಲಿ ಸುತ್ತಿದೆ.
ನಾಳೆ ನಮ್ಮ ಅಡ್ವಾನ್ಸಿನಲ್ಲೂ ಎರಡು ಸಾವಿರ,
ಇರಲಿ, ಆ ದಿನ ನಿಂಬೆಹಣ್ಣು ತರುತ್ತೇನೆ.

ಅಲ್ಲಿಯವರೆಗೆ ದಿನಾ ಬೆಳಿಗ್ಗೆ
ಕಡ್ಡಿಪೊರಕೆ ಹಿಡಿದು
ಆ ಅಂಗೈಯಗಲ ನೀರನ್ನು
ಏರಿನ ಮೇಲೆ ತಳ್ಳುತ್ತೇನೆ.
ಟೀಚರಮ್ಮನೂ ತಳ್ಳಿರಬೇಕು.
ಅನಾನಸ್ಸಿನ ಬಣ್ಣ ಅಲ್ಲಿ ಮಾತ್ರ ಸವೆದಿದೆ.