ತೊಂಬತ್ತು ಸೆಕೆಂಡು

ಏಳನೆಯದು ಏಳುತ್ತಿಲ್ಲ ಟೀಚರ್, ಅಂದಳು ಮಿಸ್ರಿಯಾ.
ತಮಾಷೆಗಲ್ಲ. ಬೇರೆ ಹೇಗೆ ಹೇಳುವುದು?
ಹದಿನಾಲ್ಕು ಕಂಪ್ಯೂಟರುಗಳಲ್ಲಿ ಹದಿಮೂರು
ನೀಲಿ ತೆರೆ ಬಿಚ್ಚಿ ಕೂತಿವೆ.
ಏಳನೆಯದರಲ್ಲಿ ಮಾತ್ರ ಕಪ್ಪಿನ ಮೇಲೆ ಬಿಳಿ ಸಾಲು,
ಒಂದರ ಕೆಳಗೊಂದು,
ಲೆಕ್ಕ ಮಾಡದೆ ಬಂದವನ ಇಂಪೊಸಿಷನ್ನಿನ ಹಾಗೆ.

ನಾಳೆ ಹತ್ತನೆಯವರ ಐ.ಟಿ. ಪ್ರಾಯೋಗಿಕ.
ಬಾಯಾರು ಪದವಿನ ಗಾಳಿ ಕಿಟಕಿ ಬಡಿಯುತ್ತದೆ,
ಕೀಲಿಗಳ ಸಂದಿಗೆಲ್ಲ ಮುರಕಲ್ಲಿನ ಕೆಂಪು ಹುಡಿ.
ಕಾಸರಗೋಡಿಗೆ ಫೋನು ಮಾಡಿದೆ.
‘ಓಫ್ ಆಕ್ಕೀಟ್ ಓಣ್ ಆಕ್ಕ್ ಟೀಚರೇ.’
ಆಫ್ ಮಾಡಿದೆ. ಆನ್ ಮಾಡಿದೆ.
ಇಷ್ಟನ್ನು ಐತಪ್ಪಣ್ಣ ಬೆಳಿಗ್ಗೆಯೇ ಮಾಡಿದ್ದಾನೆ,
ಮೇಲಿಂದ ಎರಡು ಪೆಟ್ಟನ್ನೂ ಕೊಟ್ಟಿದ್ದಾನೆ.

ಸಾಲುಗಳು ಓಡುತ್ತವೆ, ಸರಿ, ಸರಿ, ಸರಿ
ಎಂದು ಹಸಿರಿನಲ್ಲಿ ತಲೆಯಾಡಿಸುತ್ತ.
ಆಮೇಲೆ ಒಂದು ಸಾಲು ನಿಲ್ಲುತ್ತದೆ.
ಮೂರು ಕೆಂಪು ಚುಕ್ಕಿ ಅತ್ತಿಂದಿತ್ತ ತೂಗುತ್ತವೆ.
ಒಂದು ಡಿಸ್ಕು ಬರಬೇಕಿತ್ತು, ಅನ್ನುತ್ತದೆ ಯಂತ್ರ,
ಒಂದು ನಿಮಿಷ ಮೂವತ್ತು ಸೆಕೆಂಡು ನೋಡುತ್ತೇನೆ.

ತೊಂಬತ್ತು ಸೆಕೆಂಡು ಎಷ್ಟು ಉದ್ದ ಗೊತ್ತೇ?
ಮಿಸ್ರಿಯಾ ಎರಡು ಉಗುರು ಕಚ್ಚಿ ಮುಗಿಸಿದಳು.
ಉಪ್ಪಳದ ಬಸ್ಸು ಬಂದು, ಹಾರ್ನ್ ಹಾಕಿ, ಹೋಯಿತು.
ನಾನು ಆ ಡಿಸ್ಕಿನ ಗುರುತನ್ನು ಬೋರ್ಡಿನಲ್ಲಿ ಬರೆದುಕೊಂಡೆ:
ಮೂವತ್ತೆರಡು ಅಕ್ಷರ, ನಡುವೆ ನಾಲ್ಕು ಗೆರೆ,
ಊರಿಲ್ಲದ, ಅಂಚೆಯಿಲ್ಲದ ವಿಳಾಸ.
ಕಾದೂ ಕಾದೂ ಯಂತ್ರ ಹೇಳಿತು: ಹೊತ್ತಾಯಿತು. ತುರ್ತು ಸ್ಥಿತಿ.
ಒಡೆಯನ ಖಾತೆಗೆ ಬೀಗ ಬಿದ್ದಿದೆ, ಎಂಟರ್ ಒತ್ತಿ.
ಒತ್ತಿದೆ.
ಒಡೆಯನ ಖಾತೆಗೆ ಬೀಗ ಬಿದ್ದಿದೆ, ಎಂಟರ್ ಒತ್ತಿ.

ಬೀಗದ ಕೈ ಕಳೆದ ಮನೆಗೆ ಹಂಚು ಸರಿಸಿ ಇಳಿಯುವುದುಂಟಲ್ಲ,
ಹಾಗೆ ಒಂದು ಪೆನ್‌ಡ್ರೈವ್ ಚುಚ್ಚಿ ಒಳಗಿಳಿದೆವು.
ಎಲ್ಲ ಇದ್ದಲ್ಲೇ ಇತ್ತು.
ಕಳೆದ ವರ್ಷದವರ ಪೋಸ್ಟರುಗಳು,
‘ಹೊಸತು’, ‘ಹೊಸತು ಎರಡು’, ‘ಇದೇ ಕೊನೆ’ ಎಂಬ ಫೈಲುಗಳು,
ಯಾರೋ ಬಿಡಿಸಿ ಅರ್ಧಕ್ಕೇ ಬಿಟ್ಟ ಮೂರು ಕಾಲಿನ ದನ.
ಮನೆಗೆ ಏನೂ ಆಗಿಲ್ಲ.
ಬಾರದ ನೆಂಟನಿಗಾಗಿ ಬಾಗಿಲಲ್ಲೇ ನಿಂತುಬಿಟ್ಟಿದೆ, ಅಷ್ಟೆ.

ಇಟಿಸಿ ಎಂಬ ಕೋಣೆ. ಅಲ್ಲಿ ಎಫ್‌ಎಸ್‌ಟ್ಯಾಬ್ ಎಂಬ ಹಾಜರಿ ಪಟ್ಟಿ.
ಮೂರೇ ಹೆಸರು. ಮೂರನೆಯದು ನಮ್ಮ ಬೋರ್ಡಿನ ಮೇಲಿದ್ದದ್ದೇ.
ಅದರ ನೆತ್ತಿಯ ಮೇಲೆ, ಕನ್ನಡದಲ್ಲಿ:
‘ಎರಡನೇ ಡಿಸ್ಕ್. ಮಕ್ಕಳ ದನಿ ಇದೆ. ಅಳಿಸಬೇಡಿ. ಕು.ಮ.’
ಕುಂಞಂಬು ಮಣಿಯಾಣಿ ಮಾಷ್ಟ್ರು
ಪಿಂಚಣಿಗೆ ಹೋಗಿ ಎಂಟು ವರ್ಷ.
ನಾನು ಅವರ ಅಕ್ಷರ ನೋಡಿದವಳಲ್ಲ.
ಈಗಲೂ ಇಲ್ಲ, ಇದು ಟೈಪು ಮಾಡಿದ್ದು.

ಡಿಸ್ಕ್ ಎಲ್ಲಿ ಐತಪ್ಪಣ್ಣ?
ಅವನು ಒಣಗಿದ ಕೈಯನ್ನೇ ಒರೆಸಿಕೊಂಡ.
ಇರುವೆ ಗೂಡು ಮಾಡಿತ್ತು ಟೀಚರ್. ಮೊನ್ನೆ ಆದಿತ್ಯವಾರ
ಗುಡಿಸುವಾಗ ಬಿಚ್ಚಿಟ್ಟೆ. ಎರಡಿತ್ತಲ್ಲ, ಒಂದು ಸಾಕೆಂದು.
ಕಪಾಟಿನಲ್ಲಿ, ಚಾಕಿನ ಪೆಟ್ಟಿಗೆಯ ಹಿಂದೆ,
ತಣ್ಣಗೆ, ಅಂಗೈಯಗಲದ ಕಲ್ಲಿನ ಹಾಗೆ.
ಮತ್ತೆ ಜೋಡಿಸಿದರೆ ಟಿಕ್ ಅಂದಿತು, ಟಿಕ್ ಅಂದಿತು,
ಆಮೇಲೆ ಅದೂ ಇಲ್ಲ.

ಈ ಸಾಲು ತೆಗೆಯಲಾ? ಮಿಸ್ರಿಯಾಳ ಬೆರಳು ಕೀಲಿಯ ಮೇಲಿತ್ತು.
ತೆಗೆಯಬೇಡ. ಮುಂದೊಂದು ಹ್ಯಾಶ್ ಹಾಕು.
ಹಾಕಿದರೆ?
ಸಾಲು ಇರುತ್ತದೆ. ಯಂತ್ರ ಓದುವುದಿಲ್ಲ, ನಾವು ಓದಬಹುದು.

ಹಾಕಿದಳು. ಏಳನೆಯದು ಎದ್ದಿತು,
ಏನೂ ಆಗಿಲ್ಲವೆಂಬಂತೆ ನೀಲಿ ಬಿಚ್ಚಿತು.
ಐತಪ್ಪಣ್ಣ ನನ್ನ ಪೆಟ್ಟು ಈಗ ನಾಟಿದ್ದು, ಅಂದ.
ಮಿಸ್ರಿಯಾ ಮಾತ್ರ ನಗಲಿಲ್ಲ:
ನನ್ನ ಇತ್ತ ಇದೇ ಕೋಣೆಯಲ್ಲಿ
ಮೈಕ್ ಹಿಡಿದು ಪದ್ಯ ಓದಿದ್ದಳಂತೆ ಟೀಚರ್,
ಆರನೆಯಲ್ಲಿರುವಾಗ. ಅದೂ ಇದರಲ್ಲಿರಬಹುದಾ?
ನನಗೆ ಗೊತ್ತಿರಲಿಲ್ಲ. ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿ
ಊಟದ ಡಬ್ಬಿಯ ಪಕ್ಕ ಇಟ್ಟುಕೊಂಡೆ.

ಬೆಳಿಗ್ಗೆ ಪರೀಕ್ಷೆ ಮಾಡಿಸಲು ಬಂದವರು
ಮೊದಲು ಬೋರ್ಡ್ ಒರೆಸಿಸಿದರು.
ಆಮೇಲೆ ಮಿಸ್ರಿಯಾಳ ಎಡಗೈ ತಿರುಗಿಸಿ ನೋಡಿದರು:
ಮಣಿಕಟ್ಟಿನಿಂದ ಮೊಣಕೈವರೆಗೆ
ಮೂವತ್ತೆರಡು ಅಕ್ಷರ, ನಡುವೆ ನಾಲ್ಕು ಗೆರೆ.
ಕಾಪಿಯಾ ಇದು?
ಅಲ್ಲ ಸಾರ್, ಅಂದಳಂತೆ, ವಿಳಾಸ.